ನಳಿಗೆ ಒಳಗಿನ ತಾಮ್ರ ಹೋಗ್ತಾ ಇಲ್ಲ, ಏನ್ ಮಾಡ್ಲಿ?

ಎಲ್ಲರಿಗೂ ನಮಸ್ಕಾರ, ನಮ್ಮದು ಸೋಮವಾರಪೇಟೆ ಕಡೆ, ಅಜ್ಜನ ಕಾಲದ .30-06 ರೈಫಲ್ ಇದೆ. ಈಗೀಗ ಗುಂಡು ಒಂದೇ ಜಾಗದಲ್ಲಿ ಬೀಳ್ತಾ ಇಲ್ಲ, ಟಾರ್ಚ್ ಹಾಕಿ ನೋಡಿದ್ರೆ ಮೂತಿ ಹತ್ರ ಗುಂಡಿನ ಹೊದಿಕೆಯಿಂದ ಅಂಟಿದ ತಾಮ್ರದ ಗೆರೆ ಹೊಳೀತಾ ಇದೆ. ತಾಮ್ರ ಕರಗಿಸೋ ಸಾಲ್ವೆಂಟ್ ಹಾಕಿ ಮೂರು ದಿನದಿಂದ ಉಜ್ತಾ ಇದೀನಿ, ಬಟ್ಟೆ ನೀಲಿ ಬರೋದು ನಿಲ್ತಾನೇ ಇಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆಗೆ ಇಡೋ ಮೊದ್ಲು ಸರಿ ಮಾಡ್ಬೇಕು. ಅನುಭವ ಇರೋರು ಹೇಳಿ.

—

ಅಣ್ಣ, ಮೊದ್ಲು ಒಂದು ಕೇಳ್ತೀನಿ, ಬ್ರಷ್ ಯಾವುದು? ಹಿತ್ತಾಳೆ ಅಥವಾ ಕಂಚಿನದ್ದಾದ್ರೆ ಆ ನೀಲಿ ನಿಮ್ಮ ಬ್ರಷ್‌ದೇ ಇರ್ಬಹುದು. ಅಮೋನಿಯಾ ಇರೋ ಸಾಲ್ವೆಂಟ್‌ಗೆ ನಳಿಗೆ ತಾಮ್ರ ಯಾವುದು, ಬ್ರಷ್ ತಾಮ್ರ ಯಾವುದು ಅಂತ ಗೊತ್ತಾಗಲ್ಲ, ಎರಡನ್ನೂ ಕರಗಿಸಿ ನೀಲಿ ಮಾಡತ್ತೆ. ಬಟ್ಟೆ ತಳ್ಳೋ ಹಿತ್ತಾಳೆ ಜ್ಯಾಗ್‌ದೂ ಅದೇ ಕಥೆ. ನಾನೂ ಹೀಗೇ ಒಂದು ವಾರ ಹಾಳು ಮಾಡ್ಕೊಂಡೆ, ಆಮೇಲೆ ನೈಲಾನ್ ಬ್ರಷ್ ತಂದ ಮೇಲೆ ಎರಡನೇ ಸುತ್ತಿಗೇ ಬಟ್ಟೆ ಬಿಳಿ ಬಂತು.

ಇನ್ನೊಂದು, ತಾಮ್ರದ ಮೇಲೆ ಮದ್ದಿನ ಮಸಿ ಕೂತಿರತ್ತೆ, ಅದರ ಮೇಲೆ ಮತ್ತೆ ತಾಮ್ರ, ಹೀಗೆ ಪದರ ಪದರ. ಮಸಿ ತೆಗೀದೆ ತಾಮ್ರದ ಸಾಲ್ವೆಂಟ್ ಹಾಕಿದ್ರೆ ಅದು ಕೆಳಗೆ ಮುಟ್ಟೋದೇ ಇಲ್ಲ. ಹಾಗಾಗಿ ಮೊದ್ಲು ಹೊಪ್ಪೀಸ್ ನಂ. 9 ಥರದ ಮಸಿ ತೆಗೆಯೋ ಸಾಲ್ವೆಂಟ್ ಹಾಕಿ ಕಪ್ಪು ಹೋಗೋವರೆಗೆ ತೆಗೀರಿ, ಒಣ ಬಟ್ಟೆಲಿ ಒರೆಸಿ, ಆಮೇಲೆ ತಾಮ್ರದ್ದು ಹಾಕಿ, ಮತ್ತೆ ಕಪ್ಪು ಕಂಡ್ರೆ ಮತ್ತೆ ಮೊದಲಿನದಕ್ಕೇ ವಾಪಸ್ ಹೋಗಿ. ಚೇಂಬರ್ (ಗುಂಡು ಕೂರೋ ಜಾಗ) ಖಾಲಿ ಇದ್ಯಾ ನೋಡ್ಕೊಂಡು, ಬೋಲ್ಟ್ ತೆಗೆದು, ರಾಡ್ ಹಿಂದಿನಿಂದಲೇ ತಳ್ಳಿ. ಮೂತಿ ಕಡೆಯಿಂದ ತಳ್ಳಿ ತುದಿ ಅಂಚು ಸವೆದ್ರೆ ಆಮೇಲೆ ಎಷ್ಟು ಕ್ಲೀನ್ ಮಾಡಿದ್ರೂ ಗುರಿ ಸರಿ ಬರಲ್ಲ.

—

ಮೇಲೆ ಹೇಳಿರೋದು ಸರಿ. ನಾನು ಸ್ವೀಟ್ಸ್ 7.62 ಅನ್ನೋ ಅಮೋನಿಯಾ ಇರೋ ತಾಮ್ರದ ಸಾಲ್ವೆಂಟ್ ಬಳಸ್ತೀನಿ, ತುಂಬಾ ಜೋರು, ಆದ್ರೆ 15 ನಿಮಿಷಕ್ಕಿಂತ ಜಾಸ್ತಿ ನಳಿಗೆಲಿ ಬಿಡಬೇಡಿ, ಹಾಕಿಟ್ಟು ಊಟಕ್ಕೆ ಹೋಗೋದಂತೂ ಬೇಡವೇ ಬೇಡ. ಕಿಟಕಿ ತೆಗೆದಿಡಿ, ಮೂಗು ಉರಿಯತ್ತೆ. ಮರದ ಹಿಡಿ ಮೇಲೆ ಬೀಳದ ಹಾಗೆ ಹಳೇ ಟವೆಲ್ ಸುತ್ತಿ, ನನ್ನ ಅಪ್ಪನ ಕೋವಿಯ ಪಾಲಿಷ್ ಒಂದು ತೊಟ್ಟಿಗೇ ಬೆಳ್ಳಗಾಯ್ತು, ಇವತ್ತಿಗೂ ಅದನ್ನ ನೋಡಿದ್ರೆ ಬೇಜಾರಾಗತ್ತೆ. ಅಮೋನಿಯಾ ಬೇಡ ಅನ್ನೋರಿಗೆ ಬೋರ್ ಟೆಕ್ ಎಲಿಮಿನೇಟರ್ ಅನ್ನೋ ಸಾಲ್ವೆಂಟ್ ಇದೆ, ವಾಸನೆ ಕಮ್ಮಿ, ಆದ್ರೆ ತಾಳ್ಮೆ ಬೇಕು.

—

ಮಳೆಗಾಲದ ಮಾತು ಯಾರೂ ಹೇಳಿಲ್ಲ ಅಂತ ಬರೀತಿದೀನಿ. ಸಾಲ್ವೆಂಟ್ ಎಣ್ಣೆನೂ ತೊಳೆದುಬಿಡತ್ತೆ, ಬರೀ ಕಬ್ಬಿಣ ಉಳಿಯೋದು, ನಮ್ಮ ಕೊಡಗಿನ ತೇವಕ್ಕೆ ತುಕ್ಕು ಹಿಡಿಯೋಕೆ ಎಷ್ಟು ಹೊತ್ತು ಬೇಕು? ಒರೆಸಿದ ತಕ್ಷಣ ತೆಳ್ಳಗೆ ಎಣ್ಣೆ ಎಳೀರಿ. ಹೊಡೆಯೋ ಮೊದ್ಲು ಆ ಎಣ್ಣೆನ ಒಣ ಬಟ್ಟೆಲಿ ಪೂರ್ತಿ ತೆಗೀಲೇಬೇಕು. ಮತ್ತೆ ಕ್ಲೀನ್ ಆದ ನಳಿಗೆಲಿ ಮೊದಲ ಒಂದೆರಡು ಗುಂಡು ಬೇರೆ ಕಡೆ ಬಿದ್ರೆ ಗಾಬರಿ ಬೇಡ, ಸ್ವಲ್ಪ ತಾಮ್ರ ಕೂತ ಮೇಲೇ ಅದು ನೆಲೆಗೆ ಬರೋದು. ಅದಕ್ಕೇ ನಾನು ಗುಂಡುಗಳು ಒಂದೇ ಜಾಗ ಬಿಟ್ಟು ಚದುರೋವರೆಗೆ ತಾಮ್ರದ ತಂಟೆಗೆ ಹೋಗಲ್ಲ, ಮಸಿ ಮಾತ್ರ ಪ್ರತಿ ಸಲ ತೆಗೀತೀನಿ.

—

ಬ್ರಷ್ ಕಂಚಿನದ್ದೇ! ನಾಳೆ ಮಡಿಕೇರಿಗೆ ಹೋಗ್ತಿದೀನಿ, ನೈಲಾನ್ ಸಿಕ್ರೆ ತಗೊಂಡು ಬಂದು ಮಸಿಯಿಂದ ಶುರು ಮಾಡಿ ಏನಾಯ್ತು ಅಂತ ಹೇಳ್ತೀನಿ.