ಹೆಬ್ಬೇವಿನ ಸಸಿಗೆ ಯೂರಿಯಾ ಹಾಕಿದ ಮೇಲೆ ಮಳೆ ಹೋಯ್ತು, ಈಗ ಎಲೆ ಸುಡ್ತಿದೆ

ಮಸಾರಿ ಹೊಲ, ಕುಷ್ಟಗಿ:
ಜೂನ್‌ನಲ್ಲಿ ಬದುವಿನ ಮೇಲೆ 60 ಹೆಬ್ಬೇವು ಹಚ್ಚಿದೆ. ಆರಿದ್ರಾ ಮಳೆ ಚೆನ್ನಾಗಿ ಬಂತು, ಆ ಹುರುಪಿನಲ್ಲಿ ಸಸಿಗೊಂದು ಹಿಡಿ ಯೂರಿಯಾ ಬುಡಕ್ಕೇ ಹಾಕಿದೆ. ಕಡು ಹಸಿರಾಗಿ ಸರಸರ ಎದ್ದವು. ಆಮೇಲೆ ಇಪ್ಪತ್ತೈದು ದಿನ ಹನಿ ಇಲ್ಲ. ಈಗ ಎಲೆಯ ಅಂಚು ಸುಟ್ಟಂತಾಗಿದೆ, ತುದಿ ಜೋತು ಬಿದ್ದಿದೆ. ಗೊಬ್ಬರ ಸಾಲದೆ ಬಿಟ್ಟ ಕೊನೆಯ ಹತ್ತು ಸಸಿ ಗಿಡ್ಡ ಇವೆ, ಆದರೆ ಗಟ್ಟಿಯಾಗಿವೆ. ಯಾಕೆ ಹೀಗೆ? ಡಿಎಪಿ (ಸಾರಜನಕ, ರಂಜಕ ಎರಡೂ ಇರೋ ಗೊಬ್ಬರ) ಕೊಟ್ಟರೆ ಚೇತರಿಸುತ್ತವಾ?

ಎರೆ ಮಣ್ಣು, ಸಿಂಧನೂರು:
ಡಿಎಪಿ ಬೇಡ, ದಯವಿಟ್ಟು. ಇಂಥ ಗೊಬ್ಬರ ಉಪ್ಪಿದ್ದಂತೆ. ಒಣ ಮಣ್ಣಿನಲ್ಲಿ ಉಳಿದ ಸ್ವಲ್ಪ ನೀರಿನಲ್ಲಿ ಅದು ಗಟ್ಟಿಯಾದಷ್ಟೂ ಬೇರಿಗೆ ನೀರು ಎಳೆಯೋದು ಕಷ್ಟ. ಮೊದಲು ನೀರು ಕೊಡಿ. ಹಸಿ ಇಲ್ಲದ ಕಡೆ ಗೊಬ್ಬರದ ಮಾತೇ ಬೇಡ.

ನರ್ಸರಿ ಕೆಲಸ, ಲಿಂಗಸುಗೂರು:
ಉಪ್ಪಿನದು ಅರ್ಧ ಮಾತು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಅದು ಜಾಸ್ತಿ ಸಿಕ್ಕರೆ ಸಸಿ ಮೇಲೆ ಮೇಲೆ ಬೆಳೀತದೆ, ಬೇರು ಹಿಂದೆ ಉಳೀತದೆ. ದೊಡ್ಡ ಎಲೆ ಬಿಸಿಲಿಗೆ ನೀರು ಬಿಡ್ತಾನೇ ಇರ್ತದೆ, ಅಷ್ಟನ್ನು ಎಳೆದುಕೊಡೋಕೆ ಕೆಳಗೆ ಬೇರೇ ಇರಲ್ಲ. ನಿಮ್ಮ ಗಿಡ್ಡ ಸಸಿಗಳಿಗೆ ಎಲೆ ಕಡಿಮೆ, ಖರ್ಚೂ ಕಡಿಮೆ, ಅದಕ್ಕೇ ಉಳಿದಿವೆ. ನಾವು ನರ್ಸರಿಯಲ್ಲಿ ಸಸಿ ಹೊರಗೆ ಕಳಿಸೋ ಮೊದಲು ಕೆಲವು ವಾರ ಸಾರಜನಕ ನಿಲ್ಲಿಸಿ, ನೀರನ್ನೂ ನಿಧಾನಕ್ಕೆ ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸ್ತೀವಿ. ಹಾಗಂತ ಗೊಬ್ಬರವೇ ಕೆಟ್ಟದ್ದು ಅಂತಲ್ಲ. ರಂಜಕ ಬೇರಿಗೆ ಬೇಕು, ಪೊಟ್ಯಾಷ್ ಸಾಕಷ್ಟಿದ್ದರೆ ಎಲೆಯ ರಂಧ್ರಗಳು ಹೊತ್ತಿಗೆ ಸರಿಯಾಗಿ ಮುಚ್ಚಿ ನೀರು ಉಳೀತದೆ. ಗುಂಡಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಿದ್ದರೆ ಮೊದಲ ವರ್ಷ ಅದೇ ಸಾಕಿತ್ತು. ತೀರಾ ಬಾಡಿದ ಒಂದು ಸಸಿ ಕಿತ್ತು ಬೇರು ನೋಡಿ, ಗೊತ್ತಾಗುತ್ತದೆ.

ಎರೆ ಮಣ್ಣು, ಸಿಂಧನೂರು:
ನೀರನ್ನು ದಿನಾ ಒಂದು ತಂಬಿಗೆ ಸುರಿಯಬೇಡಿ, ಬೇರು ಮೇಲೇ ಆಡ್ತದೆ. ನಾಲ್ಕೈದು ದಿನಕ್ಕೊಮ್ಮೆ ಒಂದೊಂದು ಕೊಡ ಸಂಜೆ ಹಾಕಿ, ಆಳಕ್ಕೆ ಇಳೀಲಿ. ಮೇಲೆ ಶೇಂಗಾ ಹೊಟ್ಟೋ ಸಜ್ಜೆ ದಂಟೋ ಹರಡಿ, ಕಾಂಡಕ್ಕೆ ತಾಗದಂತೆ. ನಮ್ಮ ಎರೆಯಲ್ಲಿ ಬಿರುಕು ಬಿಟ್ಟು ಎಳೆ ಬೇರೇ ಹರಿದುಹೋಗುತ್ತದೆ, ಹಾಗಾಗಿ ಮುಚ್ಚದೆ ಬಿಡೋದೇ ಇಲ್ಲ.

ಮಸಾರಿ ಹೊಲ, ಕುಷ್ಟಗಿ:
ಬೆಳಿಗ್ಗೆ ಒಂದು ಕಿತ್ತು ನೋಡಿದೆ. ಬೇರು ಇನ್ನೂ ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಸುತ್ತಿಕೊಂಡಿತ್ತು, ಹೊರಗೆ ಒಂದು ಗೇಣೂ ಹೋಗಿಲ್ಲ. ಸೊಂಟದುದ್ದ ಗಿಡಕ್ಕೆ ಅಷ್ಟೇ ಬೇರು! ನೋಡಿ ಹೊಟ್ಟೆ ಉರೀತು. ಟ್ಯಾಂಕರ್ ಹೇಳಿದ್ದೇನೆ, ಸಂಜೆ ಬರುತ್ತದೆ. ಬಾಗಿದ ತುದಿ ಸ್ವಲ್ಪ ಚಿವುಟಿದರೆ ಗಿಡಕ್ಕೆ ಭಾರ ಕಡಿಮೆ ಆಗುತ್ತದಾ?

ನರ್ಸರಿ ಕೆಲಸ, ಲಿಂಗಸುಗೂರು:
ತುದಿ ಮುಟ್ಟಬೇಡಿ, ಹೆಬ್ಬೇವು ನೇರ ಬೆಳೆದರೇ ದಿಮ್ಮಿಗೆ ಬೆಲೆ. ಕೆಳಗಿನ ಸುಟ್ಟ ಎಲೆ ತೆಗೀರಿ ಸಾಕು.