ಸಹಾಯ ಬೇಕು: ನ್ಯೂಯಾರ್ಕ್‌ನಲ್ಲಿ ಯಾವ ಸೇತುವೆ ಮೇಲೆ ನಡೆಯೋದು?

ನಮಸ್ಕಾರ. ಮುಂದಿನ ತಿಂಗಳು ಅಮ್ಮನ ಜೊತೆ ನ್ಯೂಯಾರ್ಕ್‌ಗೆ ಹೋಗ್ತಿದೀನಿ. ಅಲ್ಲಿನ ಒಂದು ಸೇತುವೆನಾದ್ರೂ ಈ ತುದಿಯಿಂದ ಆ ತುದಿವರೆಗೆ ನಡೀಬೇಕು ಅಂತ ಅವರ ಆಸೆ. ಮಂಡಿನೋವು ಬೇರೆ, ಹಾಗಾಗಿ ಒಂದೇ ಒಂದು.

ಮ್ಯಾಪು, ವಿಡಿಯೋ ಎಲ್ಲಾ ನೋಡಿ ಆಯ್ತು, ತಲೆ ಇನ್ನೂ ಕೆಟ್ಟಿದ್ದೇ ಬಂತು. 1883ರ ಬ್ರೂಕ್ಲಿನ್ ಸೇತುವೆಯಲ್ಲಿ ನಡೆಯೋ ದಾರಿ ಕಾರುಗಳಿಗಿಂತ ಮೇಲಿದೆ. ಕಾಲಡಿ ಮರದ ಹಲಗೆ, ಕಲ್ಲಿನ ಗೋಪುರದ ಕಮಾನಿನೊಳಗಿಂದಾನೇ ಹಾದುಹೋಗೋದು. 2021ರಲ್ಲಿ ಸೈಕಲ್‌ಗಳಿಗೆ ಕೆಳಗೆ ಬೇರೆ ದಾರಿ ಕೊಟ್ಟಿದ್ದಾರೆ, ಅದೊಂದು ನೆಮ್ಮದಿ. ಆದ್ರೆ ಜನವೋ ಜನ. ಪಕ್ಕದ ಮ್ಯಾನ್‌ಹ್ಯಾಟನ್ ಸೇತುವೆಯಲ್ಲಿ ಅಷ್ಟು ಗದ್ದಲ ಇಲ್ಲ, ಅಲ್ಲಿಂದ ಬ್ರೂಕ್ಲಿನ್ ಸೇತುವೆ ಪೂರ್ತಿ ಕಾಣುತ್ತೆ. (ಅದರ ಮೇಲೇ ನಿಂತ್ರೆ ಅದೇ ಕಾಣಲ್ವಲ್ಲ!) ಆದ್ರೆ ಮಗ್ಗುಲಲ್ಲೇ ಮೆಟ್ರೋ ರೈಲು ಧಡಧಡ ಓಡುತ್ತೆ, ಎತ್ತರದ ಬೇಲಿ ಬೇರೆ.

ಬ್ರೂಕ್ಲಿನ್ ಕಡೆಯಿಂದ ಹೊರಟ್ರೆ ಎತ್ತರದ ಕಟ್ಟಡಗಳು ಎದುರಿಗೇ ಇರ್ತವೆ, ದಿಕ್ಕು ಅದೇ ಅಂತ ಗಟ್ಟಿ ಮಾಡ್ಕೊಂಡಿದೀನಿ. ಗೊತ್ತಾಗದೇ ಇರೋದು ಇಷ್ಟೇ: ಬೆಳಿಗ್ಗೆ ಏಳರ ಹೊತ್ತಿಗೆ ಬ್ರೂಕ್ಲಿನ್ ಸೇತುವೆ ಮೇಲೆ ಅಮ್ಮ ಅಲ್ಲಲ್ಲಿ ನಿಂತು ಸುಧಾರಿಸಿಕೊಂಡು ನಡೆಯೋಷ್ಟು ಜಾಗ ಸಿಗುತ್ತಾ, ಇಲ್ಲ ಮ್ಯಾನ್‌ಹ್ಯಾಟನ್ ಸೇತುವೆಯೇ ವಾಸಿನಾ? ನಡೆದವರು ದಯವಿಟ್ಟು ಹೇಳಿ.