ಸರ್ಕಾರದ ರಜೆ ಪಟ್ಟಿ ನಮ್ಮ ಫ್ಯಾಕ್ಟರಿಗೆ ಯಾಕಿಲ್ಲ?

ಲೆಕ್ಕದ ಪುಸ್ತಕ:
ನಮಸ್ಕಾರ. ಪೀಣ್ಯದ ಒಂದು ಸಣ್ಣ ಟೂಲ್ ರೂಮಿನಲ್ಲಿ 11 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. 32 ಜನ ಕೆಲಸಗಾರರು. ಪ್ರತಿ ಡಿಸೆಂಬರ್‌ನಲ್ಲಿ ಮುಂದಿನ ವರ್ಷದ ರಜೆ ಪಟ್ಟಿ ಟೈಪ್ ಮಾಡಿ ಪಂಚಿಂಗ್ ಮೆಷಿನ್ ಪಕ್ಕ ಅಂಟಿಸುವುದು ನನ್ನ ಕೆಲಸ. ಹತ್ತೇ ರಜೆ. ಅಂಟಿಸಿ ಅರ್ಧ ಗಂಟೆ ಆಗಿರುವುದಿಲ್ಲ, ಯಾರಾದರೊಬ್ಬರು ಸರ್ಕಾರದ ಪಟ್ಟಿಯನ್ನು ಮೊಬೈಲಿನಲ್ಲಿ ಹಿಡಿದು ನನ್ನ ಟೇಬಲ್ ಮುಂದೆ ನಿಂತಿರುತ್ತಾರೆ. "ಮೇಡಂ, ಇದರಲ್ಲಿ ಬಸವ ಜಯಂತಿ ಇದೆ, ಮಹಾವೀರ ಜಯಂತಿ ಇದೆ. ನಮಗೆ ಯಾಕಿಲ್ಲ?"

ಓನರ್ ಹತ್ತಿರ ಕೇಳಿದರೆ "ಅದು ಗೌರ್ಮೆಂಟಿನವರಿಗೆ" ಅನ್ನುತ್ತಾರೆ. ಒಂದು ಸಲ ಬಸವ ಜಯಂತಿ ದಿನವೇ ಚೆಕ್ ಹಾಕಲು ಉರಿ ಬಿಸಿಲಲ್ಲಿ ಬ್ಯಾಂಕಿಗೆ ನಡೆದೆ. ಶಟರ್ ಎಳೆದಿತ್ತು. ಬ್ಯಾಂಕಿಗೆ ರಜೆ, ಶಾಲೆಗೆ ರಜೆ, ನಮಗಿಲ್ಲ. ಇದನ್ನೆಲ್ಲ ವಿಧಾನಸೌಧದಲ್ಲಿ ಶಾಸಕರು ಕೂತು ತೀರ್ಮಾನ ಮಾಡುತ್ತಾರಾ? ಹಾಗಿದ್ದರೆ ಎಲ್ಲರಿಗೂ ಒಂದೇ ಇರಬೇಕಲ್ವಾ?

ನಿವೃತ್ತ ಗುಮಾಸ್ತ:
ಮೇಡಂ, ಫ್ಯಾಕ್ಟರಿಯ ಪರ್ಸನಲ್ ಸೆಕ್ಷನ್ನಿನಲ್ಲೇ ತಲೆ ನರೆಸಿಕೊಂಡವನು ನಾನು. ಮೊಬೈಲಿನಲ್ಲಿ ಓಡಾಡುವ ಪಟ್ಟಿ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯದು. ಅದಕ್ಕೆ ಶಾಸಕರು ಮತ ಹಾಕುವುದಿಲ್ಲ. ಸಂಪುಟ ಒಪ್ಪಿದ ಮೇಲೆ ಇಲಾಖೆ ಹೊರಡಿಸುತ್ತದೆ, ಅಷ್ಟೇ.

ಬ್ಯಾಂಕಿನ ರಜೆಗೆ ಬೇರೆ ಕಾನೂನು. ಚೆಕ್ಕು, ಹುಂಡಿಗಳಿಗೆ ಮಾಡಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, 25ನೇ ಸೆಕ್ಷನ್. ಅದರಡಿ ರಜೆ ಘೋಷಿಸುವ ಅಧಿಕಾರ ಕೇಂದ್ರದ್ದು, 1957ರಲ್ಲಿ ರಾಜ್ಯಗಳಿಗೆ ವಹಿಸಿಕೊಟ್ಟರು. ಬ್ರಿಟಿಷರು ಮಾಡಿದ ಆ ಸೆಕ್ಷನ್ನಿಗೆ ಹಬ್ಬ ಹರಿದಿನದ ಚಿಂತೆ ಇಲ್ಲ. ಹುಂಡಿಯ, ಅಂದರೆ ಇಂಥ ದಿನ ಇಷ್ಟು ದುಡ್ಡು ಕೊಡಬೇಕು ಅಂತ ಬರೆದ ಪತ್ರದ, ಗಡುವು ರಜೆ ದಿನ ಬಿದ್ದರೆ ದುಡ್ಡು ಯಾವತ್ತು ಕೊಡಬೇಕು, ಅದೊಂದೇ ಚಿಂತೆ. ಹಿಂದಿನ ಕೆಲಸದ ದಿನವೇ ಕೊಡಬೇಕು. ಮರುದಿನ ಅಂದುಕೊಂಡು ಕೆಟ್ಟವರನ್ನು ನೋಡಿದ್ದೇನೆ.

ನಿಮಗೆ ಬೇಕಾದದ್ದು ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ, 1963. ಇದು ಶಾಸನಸಭೆ ಪಾಸು ಮಾಡಿದ್ದು. ಆಗಿನ್ನೂ ರಾಜ್ಯದ ಹೆಸರು ಮೈಸೂರು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ದಿನ ಕಾಯ್ದೆಯಲ್ಲೇ ಇವೆ. ನಿಮ್ಮ ಓನರ್ ಮುಟ್ಟುವ ಹಾಗಿಲ್ಲ. ಇನ್ನೈದು ಹಬ್ಬ ಯಾವುದು ಅಂತ ಶಾಸಕರು ಹೇಳಲಿಲ್ಲ. ಜಾಣತನ ಅಂತಲೇ ನನ್ನ ಲೆಕ್ಕ. ಮಾಲೀಕರನ್ನೂ ಕೆಲಸಗಾರರನ್ನೂ ಕೇಳಿ, ಈ ಕಾಯ್ದೆಗೆ ಅಂತ ಸರ್ಕಾರ ನೇಮಿಸಿದ ಇನ್ಸ್‌ಪೆಕ್ಟರ್ ಗೊತ್ತುಮಾಡಬೇಕು. ನಿಮ್ಮಲ್ಲಿ ಕೆಲಸಗಾರರನ್ನು ಯಾರಾದರೂ ಕೇಳಿದ್ದಾರಾ?

ಮಡಿಕೇರಿ ಮಳೆ:
ಸರ್ಕಾರದ ಪಟ್ಟಿಯೂ ಎಲ್ಲರಿಗೂ ಒಂದೇ ಅಲ್ಲ ಅಕ್ಕ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಕೊಡಗು ಜಿಲ್ಲೆಗೆ ಮಾತ್ರ ರಜೆ. ನಮ್ಮಕ್ಕ ಇಲ್ಲೇ ಟೀಚರ್, ಭಾವ ಹುಣಸೂರಿನಲ್ಲಿ. ಹುತ್ತರಿ ದಿನ ಅಕ್ಕ ಮನೆಯಲ್ಲಿ ಆರಾಮಾಗಿ ಅಡುಗೆ ಮಾಡುತ್ತಿರುತ್ತಾಳೆ, ಭಾವ ಅರ್ಧ ದಿನ ಸಿಎಲ್ ಹಾಕಿ ಕದಿರು ತೆಗೆಯೋ ಹೊತ್ತಿಗೆ ಓಡಿ ಬರುತ್ತಾರೆ.

ಸ್ಯಾನ್ ಹೋಸೆ ಹುಡುಗಿ:
ಶಾಸಕರೇ ಒಂದೊಂದು ದಿನಕ್ಕೂ ಬಿಲ್ ತರುವ ಊರಿನಲ್ಲಿದ್ದೇನೆ ನಾನು. ಕ್ಯಾಲಿಫೋರ್ನಿಯಾದಲ್ಲಿ ದೀಪಾವಳಿಗೆ ಎಬಿ 268 ಅಂತ ಬಿಲ್ ತಂದರು. ಎರಡೂ ಸದನ ದಾಟಿತು, 2025ರ ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕಿದರು, 2026ರ ಜನವರಿಯಿಂದ ಜಾರಿ. ಹಾಸನದಿಂದ ಅಮ್ಮ ಫೋನ್ ಮಾಡಿ "ಇನ್ಮೇಲೆ ನಿನಗೂ ರಜೆಯಂತೆ" ಅಂತ ಕುಣಿದಾಡಿದರು. ಎಲ್ಲಿಯ ರಜೆ! ಖಾಸಗಿ ಕಂಪನಿ ಕೊಡಲೇಬೇಕು ಅಂತ ಅದರಲ್ಲಿಲ್ಲ. ಸರ್ಕಾರಿ ಶಾಲೆಗಳು ಮುಚ್ಚಬಹುದು, ಮುಚ್ಚಲೇಬೇಕು ಅಂತಿಲ್ಲ. ಕಾನೂನು ಓದಿ ಹೇಳಿದ ಮೇಲೆ ಅಮ್ಮ "ಮತ್ತೆ ಯಾವ ಸೀಮೆ ರಜೆ ಅದು?" ಅಂದರು.

ಲೆಕ್ಕದ ಪುಸ್ತಕ:
ಗುಮಾಸ್ತರೇ, ನಿಜ ಹೇಳಿಬಿಡುತ್ತೇನೆ. ಯಾರೂ ಕೇಳಿಲ್ಲ. ಹಳೇ ಪಟ್ಟಿಯ ತಾರೀಕು ಬದಲಾಯಿಸಿ ಅಂಟಿಸುತ್ತಿದ್ದವಳು ನಾನೇ. ಸಂಕ್ರಾಂತಿ, ಯುಗಾದಿ, ಗಣೇಶನ ಹಬ್ಬ, ಆಯುಧಪೂಜೆ, ದೀಪಾವಳಿ.

ಇವತ್ತು ಊಟದ ಹೊತ್ತಿಗೆ ಕೇಳಿದೆ. ಗ್ರೈಂಡಿಂಗಿನ ಇಬ್ಬರು ರಂಜಾನ್ ಅಂದರು, ಬಿಹಾರದ ನಾಲ್ವರು ಛಠ್ ಅಂದರು. ಪ್ರತಿ ವರ್ಷ ಬಸವ ಜಯಂತಿ ಕೇಳುವವನು ಮಾತ್ರ ಸುಮ್ನೆ ಮುದ್ದೆ ಮುರಿಯುತ್ತಾ ಕೂತಿದ್ದ. ಕೊನೆಗೆ ಫೋರ್‌ಮನ್ ಹೇಳಿದರು: "ಆಯುಧಪೂಜೆ ದಿನ ನಮಗೆ ರಜೆ ಎಲ್ಲಿದೆ ಮೇಡಂ? ಬೆಳಿಗ್ಗೆ ಎಂಟಕ್ಕೆ ಬಂದು ಲೇತ್ ಒರೆಸಿ, ಕುಂಕುಮ ಇಟ್ಟು, ಬೂದಗುಂಬಳ ಒಡೆದು, ಪುರಿ ಹಂಚಿ ಹೊರಡುವಾಗ ಎರಡು ಗಂಟೆ." ಅದನ್ನು ಕೆಲಸದ ದಿನ ಅಂತ ಬರೆದು ಆ ಜಾಗಕ್ಕೆ ರಂಜಾನ್ ಹಾಕಬಹುದಾ? ಓನರ್‌ಗೆ ಇನ್ನೂ ಹೇಳಿಲ್ಲ.

ನಿವೃತ್ತ ಗುಮಾಸ್ತ:
ಕೆಲಸಗಾರರು ಒಪ್ಪಿ, ಇನ್ಸ್‌ಪೆಕ್ಟರ್ ಗೊತ್ತುಮಾಡಿದರೆ ಧಾರಾಳವಾಗಿ ಆಗುತ್ತದೆ. ರಜೆ ಅಂತಲೇ ಉಳಿಸಿಕೊಂಡು ಕೆಲಸ ಮಾಡಿಸಿದರೆ ಎರಡರಷ್ಟು ಸಂಬಳ, ಇಲ್ಲವೇ ಆ ದಿನದ ಸಂಬಳ ಕೊಟ್ಟು ಬದಲಿ ರಜೆ. ಓನರ್‌ಗೆ ಮೊದಲು ಇದನ್ನು ಹೇಳಿ, ಆಮೇಲೆ ರಂಜಾನ್ ವಿಷಯ ತೆಗೆಯಿರಿ. ಮತ್ತೆ, ಆಯುಧಪೂಜೆ ಕೆಲಸದ ದಿನ ಆದರೆ ಅವತ್ತು ಎಲ್ಲರಿಂದಲೂ ಪಂಚ್ ಮಾಡಿಸಿ. ಮರೆತರೆ ಬೂದಗುಂಬಳ ಒಡೆದವನಿಗೇ ಆಬ್ಸೆಂಟ್ ಬೀಳುತ್ತದೆ.